ಮುಟ್ಟಿ ಮಾತಾಡಿಸಿದರೆ ಎಚ್ಚರ ಆಗ್ತಾರಾ?

ಹುಬ್ಬಳ್ಳಿಯ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಸರಿ, ಸಂಜೆಯ ಭೇಟಿ ಹೊತ್ತಿನಲ್ಲಿ ಐಸಿಯು ಬಾಗಿಲ ಮುಂದೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. "ಮುಟ್ಟಿ ಮಾತಾಡಿಸಿದ್ರ ಎಚ್ಚರ ಆಗ್ತಾನೇನ್ರಿ?" ಕೇಳುವವರು ರೋಣದವರಿರಬಹುದು, ಸವಣೂರಿನವರಿರಬಹುದು, ಇಲ್ಲೇ ಹಳೇ ಹುಬ್ಬಳ್ಳಿಯವರಿರಬಹುದು. ರೊಟ್ಟಿ ಬುತ್ತಿ, ಚಾಪೆ, ಸ್ಕ್ಯಾನಿಂಗ್ ರಿಪೋರ್ಟು ತುಂಬಿದ ಚೀಲ ಇಟ್ಟುಕೊಂಡು ಕಾರಿಡಾರಿನಲ್ಲೇ ಹಗಲು ರಾತ್ರಿ ಕಳೆಯುವ ಜನ. ಒಳಗೆ ಬಿಟ್ಟ ಐದು-ಹತ್ತು ನಿಮಿಷದಲ್ಲಿ ಅವರು ಮಾಡದ ಪ್ರಯತ್ನವಿಲ್ಲ. ಸಿದ್ಧಾರೂಢ ಮಠದ ವಿಭೂತಿ ಹಣೆಗೆ ಹಚ್ಚುತ್ತಾರೆ, ಅಂಗಾಲು ತಿಕ್ಕುತ್ತಾರೆ, ಕೆನ್ನೆ ತಟ್ಟುತ್ತಾರೆ, ಮೊಬೈಲಿನಲ್ಲಿ ಕೂಸಿನ ದನಿ ಕೇಳಿಸುತ್ತಾರೆ. ಹೊರಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.

ನಾನು ಫಿಜಿಯೋಥೆರಪಿ ಮಾಡುವವಳು. ತಲೆಗೆ ಪೆಟ್ಟು ಬಿದ್ದವರು, ಲಕ್ವಾ ಹೊಡೆದವರು, ಹೃದಯ ನಿಂತು ಮತ್ತೆ ಬಡಿದುಕೊಂಡವರು, ಹೀಗೆ ಹಾಸಿಗೆ ಹಿಡಿದವರ ಕೈಕಾಲು ಆಡಿಸುವುದು ನನ್ನ ದಿನದ ಕೆಲಸ. ಈ ಪ್ರಶ್ನೆಗೆ ಹೌದು ಅಂದರೆ ಇಲ್ಲದ ಆಸೆ ಹುಟ್ಟಿಸಿದಂತಾಗುತ್ತದೆ. ಇಲ್ಲ ಅಂದರೆ ಮನೆಯವರು ಕೈಕಟ್ಟಿ ಕೂರುತ್ತಾರೆ, ಅದರಿಂದ ರೋಗಿಗೆ ನಷ್ಟ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಗಟ್ಟಿಯಾದ ತಿಳಿವಳಿಕೆ ಒಂದೇ: ಮುಟ್ಟುವುದೆಂದರೆ ಮೊದಲು ಕೇಳುವುದು. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು, ಬಂದದ್ದು ಉತ್ತರವೋ ಅಲ್ಲವೋ ಎಂದು ನೋಡಬೇಕು. ಮರಳಿ ಬರುತ್ತಿರುವ ಪ್ರಜ್ಞೆ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಹೀಗೆ ಮುಟ್ಟಿ, ಮಾತಾಡಿಸಿ, ಕಾಯುವವರಿಗೆ.

ಗಾಢ ನಿದ್ದೆಯಲ್ಲಿದ್ದವರನ್ನು ಅಲುಗಿಸಿದರೆ ಏಳುತ್ತಾರೆ, ಕೋಮಾದಲ್ಲಿದ್ದವರು ಏಳುವುದಿಲ್ಲ. ಯಾಕೆ ಎನ್ನುವುದು ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಮೆದುಳಿನ ಬುಡದಲ್ಲಿ, ಬೆನ್ನುಹುರಿಗೆ ಸೇರುವ ಕಾಂಡದ ಒಳಗೆ, ನರಕೋಶಗಳದೊಂದು ಜಾಲವಿದೆ. ರೆಟಿಕ್ಯುಲರ್ ಫಾರ್ಮೇಶನ್ ಎನ್ನುತ್ತಾರೆ. 1949ರಲ್ಲಿ ಜ್ಯುಸೆಪ್ಪೆ ಮೊರುಜ್ಜಿ ಮತ್ತು ಹೊರೇಸ್ ಮ್ಯಾಗೂನ್ ಎಂಬ ವಿಜ್ಞಾನಿಗಳು ಬೆಕ್ಕಿನ ಮೆದುಳಿನ ಈ ಭಾಗಕ್ಕೆ ಸಣ್ಣ ಕರೆಂಟು ಕೊಟ್ಟಾಗ ನಿದ್ದೆಯ ನಿಧಾನ ಅಲೆಗಳು ಹೋಗಿ ಎಚ್ಚರದ ಚುರುಕು ಅಲೆಗಳು ಬಂದವು. ಮೇಲ್ಮೆದುಳನ್ನು ಎಚ್ಚರವಾಗಿ ಇಡುವುದು ಈ ಜಾಲ. ಮುಟ್ಟಿದ್ದು, ಕೂಗಿದ್ದು, ಚಿವುಟಿದ್ದು ಎಲ್ಲವೂ ಇಲ್ಲಿಗೆ ಬಂದು ತಟ್ಟಿ, ಮೆದುಳಿನ ನಡುವಿನ ಥಲಾಮಸ್ ಎಂಬ ಭಾಗ ಹಾದು, ಮೇಲೆ ಹೋಗಬೇಕು. ಈ ಜಾಲಕ್ಕೇ ಪೆಟ್ಟಾಗಿದ್ದರೆ, ಇಲ್ಲವೇ ಮೇಲ್ಮೆದುಳಿನ ಎರಡೂ ಪಾಲು ಕೆಟ್ಟಿದ್ದರೆ, ಎಷ್ಟು ಅಲುಗಿಸಿದರೂ ಕಣ್ಣು ತೆರೆಯುವುದಿಲ್ಲ. ಮೊದಲ ದಿನಗಳಲ್ಲಿ ಇದನ್ನು ಸರಿಮಾಡುವುದು ನಮ್ಮ ಕೈಯಲ್ಲ. ಬಾವು ಇಳಿಯಬೇಕು, ಹೆಪ್ಪುಗಟ್ಟಿದ ರಕ್ತ ತೆಗೆಯಬೇಕು, ಆಮ್ಲಜನಕ, ಬಿಪಿ, ಸಕ್ಕರೆ, ಸೋಡಿಯಂ ಹದಕ್ಕೆ ಬರಬೇಕು. ಅದೆಲ್ಲ ಡಾಕ್ಟರ ಕೆಲಸ.

ಇನ್ನೊಂದು ಮಾತು. ಕಣ್ಣು ಮುಚ್ಚಿದ ನಿಜವಾದ ಕೋಮಾ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಇರುವುದಿಲ್ಲ. ಅಷ್ಟರಲ್ಲಿ ಕೆಲವರು ತೀರಿಹೋಗುತ್ತಾರೆ, ಕೆಲವರು ಎಚ್ಚರಾಗುತ್ತಾರೆ, ಇನ್ನು ಕೆಲವರು ಕಣ್ಣು ತೆರೆಯುತ್ತಾರೆ, ಆದರೆ ಅವರಿಗೆ ಅರಿವು ಇರುವುದಿಲ್ಲ. ಈ ಮೂರನೆಯದೇ ಮನೆಯವರನ್ನು ಹೆಚ್ಚು ದಣಿಸುವುದು. ಹಗಲು ಕಣ್ಣು ತೆರೆಯುತ್ತದೆ, ರಾತ್ರಿ ಮುಚ್ಚುತ್ತದೆ, ಆಕಳಿಕೆ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಕರೆದರೆ ಓಗೊಡುವುದಿಲ್ಲ. 1972ರಲ್ಲಿ ಬ್ರಯಾನ್ ಜೆನೆಟ್ ಮತ್ತು ಫ್ರೆಡ್ ಪ್ಲಮ್ ಎಂಬ ವೈದ್ಯರು ಈ ಸ್ಥಿತಿಯನ್ನು ಬಿಡಿಸಿ ಬರೆದರು. ಇದಕ್ಕೂ ಪೂರ್ಣ ಪ್ರಜ್ಞೆಗೂ ನಡುವೆ ಇನ್ನೊಂದು ಮೆಟ್ಟಿಲಿದೆ ಎಂದು ಒಪ್ಪಿ ಲಕ್ಷಣ ಗೊತ್ತುಮಾಡಿದ್ದು 2002ರಲ್ಲಿ. ಅಲ್ಲಿ ಅರಿವು ಇರುತ್ತದೆ, ಆದರೆ ಕರೆಂಟು ಬಂದು ಹೋಗಿ ಮಾಡುವ ಹಾಗೆ. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಇರದು. ಡಾಕ್ಟರು ರೌಂಡ್ಸಿಗೆ ಬಂದ ಎರಡು ನಿಮಿಷ ಕತ್ತಲೆಯ ಹೊತ್ತಾಗಿದ್ದರೆ ಕೇಸ್ ಪೇಪರಿನಲ್ಲಿ "ಪ್ರತಿಕ್ರಿಯೆ ಇಲ್ಲ" ಎಂದೇ ಬರೆಯಲಾಗುತ್ತದೆ.

ಅಲುಗಾಟ ಇಲ್ಲದ್ದಕ್ಕೆ ಅರಿವೂ ಇಲ್ಲ ಎಂದುಕೊಳ್ಳುವುದು ಎಷ್ಟು ಅಪಾಯ ಎನ್ನುವುದಕ್ಕೆ ನಮ್ಮ ಹೊಲಮನೆಗಳ ಉದಾಹರಣೆ ಸಾಕು. ಹಾವೇರಿ, ಗದಗ ಕಡೆ ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಟ್ಟುಹಾವು ಕಚ್ಚುವುದುಂಟು. ಕಚ್ಚಿದ ನೋವೇ ಕಡಿಮೆ, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಇಳಿಯುತ್ತದೆ, ನಾಲಿಗೆ ತೊದಲುತ್ತದೆ, ಉಸಿರು ಸಾಲದಾಗುತ್ತದೆ. ಈ ವಿಷ ಮೆದುಳಿಗೆ ಹೋಗುವುದಿಲ್ಲ, ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟುವ ಜಾಗವನ್ನು ಕೆಡಿಸುತ್ತದೆ. ವೆಂಟಿಲೇಟರಿಗೆ ಹಾಕಿದ ಆ ಮನುಷ್ಯ ಕಣ್ಣು ತೆರೆಯಲಾರ, ಬೆರಳು ಅಲುಗಿಸಲಾರ. ಟಾರ್ಚ್ ಬಿಟ್ಟರೆ ಪಾಪೆ ಕೂಡ ಕಿರಿದಾಗದೆ ಇರಬಹುದು. ನೋಡಿದವರಿಗೆ ಮೆದುಳೇ ಸತ್ತಂತೆ ಕಾಣುತ್ತದೆ. ಆದರೆ ಒಳಗೆ ಅವನಿಗೆ ಪೂರ್ತಿ ಎಚ್ಚರವಿರಬಹುದು. ಸೂಜಿ ಚುಚ್ಚಿದ್ದು ಗೊತ್ತಾಗುತ್ತದೆ, ಹಾಸಿಗೆಯ ಪಕ್ಕ ನಿಂತು ಯಾರು ಏನು ಅಂದರೆನ್ನುವುದು ಕೇಳುತ್ತದೆ. ವಿಷದ ಪ್ರಭಾವ ಇಳಿಯುವ ತನಕ, ಅಂದರೆ ಕೆಲವು ದಿನ, ಉಸಿರು ಕಾಪಾಡಿದರೆ ಎದ್ದು ಮನೆಗೆ ಹೋಗುವವರು ಇವರು. ಇದು ಕೋಮಾ ಅಲ್ಲ ನಿಜ. ಆದರೆ ಈ ಸಂಗತಿ ತಿಳಿದವರು ಯಾವ ರೋಗಿಯ ಹಾಸಿಗೆ ಪಕ್ಕವೂ "ಇಂವಾ ಇನ್ನ ಉಳಿಯೂದಿಲ್ಲ ಬಿಡ್ರಿ" ಎಂದು ಬಾಯಿ ಬಿಡುವುದಿಲ್ಲ.

ಈಗ ನೋವಿನ ಮಾತು. ಮಗನ ಉಗುರಿನ ಮೇಲೆ ಪೆನ್ನು ಒತ್ತುವ ಡಾಕ್ಟರನ್ನು ಕಂಡು ತಾಯಂದಿರು ತಡೆಯಲಾಗದೆ ಕೂಗಿದ್ದನ್ನು ನಾನು ಕೇಳಿದ್ದೇನೆ: "ಮದ್ಲ ಸಾಯೂಹಂಗ ಬಿದ್ದಾನ, ಮತ್ಯಾಕ ನೋಯಿಸ್ತೀರ್ರಿ ಯಪ್ಪಾ!" ಯಾಕೆ ಎಂದು ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಅದೇ ಬ್ರಯಾನ್ ಜೆನೆಟ್ ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಅಳತೆ ಮಾಡಿದರು. ಇವತ್ತು ಜಗತ್ತಿನ ಬಹುತೇಕ ಐಸಿಯುಗಳಲ್ಲಿ ಅದು ನಡೆಯುತ್ತದೆ. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಇಲ್ಲದಿದ್ದರೂ 3 ಇರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಮಾತಿಗೆ ಓಗೊಡದವರಲ್ಲಿ ಉಗುರಿನ ಬುಡ, ಕುತ್ತಿಗೆ-ಹೆಗಲಿನ ನಡುವಿನ ಸ್ನಾಯು, ಹುಬ್ಬಿನ ಕೆಳಗಿನ ಎಲುಬಿನ ಕಚ್ಚು, ಈ ಜಾಗಗಳಲ್ಲಿ ಒತ್ತಿ ನೋಡುತ್ತಾರೆ.

ನೋವಿಗೆ ದೇಹ ಹೇಗೆ ಉತ್ತರಿಸುತ್ತದೆ ಎನ್ನುವುದರಲ್ಲಿ ಮೆದುಳಿನ ಎಷ್ಟೋ ಸಂಗತಿ ಇದೆ. ಹುಬ್ಬಿನ ಕೆಳಗೆ ಒತ್ತಿದಾಗ ಕೈ ಎದ್ದು ಬಂದು ಒತ್ತುವ ಬೆರಳನ್ನು ತಳ್ಳಲು ನೋಡಿದರೆ ಚಲನೆಯ ಅಂಕ 5. ನೋವು ಎಲ್ಲಿ ಎಂದು ಮೆದುಳಿಗೆ ತಿಳಿದಿದೆ, ಅಲ್ಲಿಗೆ ಕೈ ಕಳಿಸಲು ಬಂದಿದೆ. ಬರೀ ಹಿಂದೆ ಸೆಳೆದುಕೊಂಡರೆ 4. ಮೊಣಕೈ ಮಡಚಿ ಮುಷ್ಟಿ ಎದೆಗೆ ಬಿಗಿದರೆ 3. ಕೈ ನೇರ ಸೆಟೆದು ಒಳಕ್ಕೆ ತಿರುಚಿಕೊಂಡರೆ 2, ಪೆಟ್ಟು ಕಾಂಡದ ತನಕ ಹೋಗಿದೆ ಎಂಬ ಗುರುತು. ಹೇಳಿದ್ದನ್ನು ಮಾಡಿದರೆ ಮಾತ್ರ 6. ಈ ನೋವು ಪರೀಕ್ಷೆಗೆ ಮಾತ್ರ, ಕೆಲವೇ ಸೆಕೆಂಡು, ಗೊತ್ತಿದ್ದವರು ಮಾತ್ರ ಮಾಡಬೇಕು. ಚಿವುಟಿದರೆ ಎಚ್ಚರಾಗುತ್ತಾನೆ ಎಂದುಕೊಂಡು ಬಂದ ನೆಂಟರೆಲ್ಲ ತೊಡೆ ಚಿವುಟಿ ಹೋಗುವುದನ್ನು ದಯವಿಟ್ಟು ನಿಲ್ಲಿಸಿ. ನೀಲಿಗಟ್ಟಿದ ತೊಡೆ ಬಿಟ್ಟು ಅದರಿಂದ ಏನೂ ಬರುವುದಿಲ್ಲ.

ಮನೆಯವರ ಕೈಯಲ್ಲಿ ಆಗುವ ಪರೀಕ್ಷೆ ಬೇರೆಯೇ ಇದೆ. ನವಲಗುಂದದ ಕಡೆಯ ಒಬ್ಬ ಹುಡುಗ ನೆನಪಾಗುತ್ತಾನೆ. ಬೈಕಿನಿಂದ ಬಿದ್ದವನು, ಹೆಲ್ಮೆಟ್ ಇರಲಿಲ್ಲ. ಕಣ್ಣು ತೆರೆದಿದ್ದ, ಆದರೆ ಚಾವಣಿ ನೋಡುತ್ತ ಮಲಗಿರುತ್ತಿದ್ದ. ಬೆರಳು ಆಡಿಸಿದರೆ ನೋಡುತ್ತಿರಲಿಲ್ಲ, ಪೆನ್ನು ತೋರಿಸಿದರೆ ಇಲ್ಲ, ಟಾರ್ಚಿಗೂ ಇಲ್ಲ. ಅವನ ಅವ್ವ ಬಾಗಿಲ ಕಡೆ ನಿಂತು "ನನ್ನ ಸೈತ ನೋಡೂದಿಲ್ರಿ ಅಂವಾ" ಎನ್ನುತ್ತಿದ್ದಳು. ನನಗೊಂದು ಕನ್ನಡಿ ಬೇಕಾಗಿತ್ತು, ವಾರ್ಡಿನಲ್ಲಿ ಸಿಗಲಿಲ್ಲ. ಕೇಳಿದಾಗ ಆಕೆ ಸೊಂಟದ ಸಂಚಿಯಿಂದ ಕುಂಕುಮದ ಕರಡಿಗೆ ತೆಗೆದಳು. ಮುಚ್ಚಳದ ಒಳಗೆ ರೂಪಾಯಿಯಗಲದ ಕನ್ನಡಿ. ಹಾಸಿಗೆಯ ತಲೆಭಾಗ ಎತ್ತರಿಸಿ, ಆ ಕನ್ನಡಿಯನ್ನು ಅವನ ಮುಖದ ಮುಂದೆ ಗೇಣು ದೂರದಲ್ಲಿ ಹಿಡಿದು ಅವನ ಮುಖ ಅವನಿಗೆ ಕಾಣುವಂತೆ ಹೊಂದಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಣ್ಣಗುಡ್ಡೆ ಬಂದು ಕನ್ನಡಿಯ ಮೇಲೆ ನಿಂತವು. ನಿಧಾನ ಬಲಕ್ಕೆ ಸರಿಸಿದೆ, ಬಂದವು. ಎಡಕ್ಕೆ ತಂದೆ. ನಡುವೆ ಒಮ್ಮೆ ತಪ್ಪಿ, ಮತ್ತೆ ಹುಡುಕಿ, ಮತ್ತೆ ಹಿಡಿದುಕೊಂಡವು. ಮೇಲೆ, ಕೆಳಗೆ. ಅವನ ಅವ್ವ ಹಾಸಿಗೆಯ ಕಂಬಿ ಗಟ್ಟಿ ಹಿಡಿದು "ತನ್ನ ಮಾರಿ ತಾನ ನೋಡ್ಕೊಳ್ಳಾಕತ್ತಾನ" ಅಂದಳು.

ಇದು ನನ್ನ ಕಂಡುಹಿಡಿತವಲ್ಲ. ಕನ್ನಡಿಯಲ್ಲಿನ ಸ್ವಂತ ಮುಖವನ್ನು ಹಿಂಬಾಲಿಸುವಷ್ಟು ಸುಲಭವಾಗಿ ಇಂಥ ರೋಗಿಗಳು ಬೇರೆ ವಸ್ತುವನ್ನು ಹಿಂಬಾಲಿಸುವುದಿಲ್ಲ ಎಂದು ಬೆಲ್ಜಿಯಂನ ಲೀಜ್ ನಗರದ ಸಂಶೋಧಕರು ತೋರಿಸಿದ್ದಾರೆ. 2004ರಲ್ಲಿ ಜೋಸೆಫ್ ಜಿಯಾಚಿನೋ ಮತ್ತು ಸಂಗಡಿಗರು ಪರಿಷ್ಕರಿಸಿದ 23 ಅಂಕದ ಕೋಮಾ ರಿಕವರಿ ಸ್ಕೇಲ್‌ನಲ್ಲಿ ಕನ್ನಡಿಯ ಪರೀಕ್ಷೆ ಸೇರಿದೆ. ಕಣ್ಣು ಹಿಂಬಾಲಿಸಿತು ಎಂದರೆ ಅರಿವಿನ ಮೊದಲ ಗುರುತುಗಳಲ್ಲೊಂದು ಸಿಕ್ಕಂತೆ. ಆ ಹುಡುಗನ ಕೇಸ್ ಪೇಪರಿನಲ್ಲಿ ಅವತ್ತು ಬರೆದದ್ದು ಬದಲಾಯಿತು, ಅದರ ಜೊತೆಗೆ ಅವನಿಗೆ ಸಿಗುವ ಆರೈಕೆಯೂ ಬದಲಾಯಿತು. ಇಂಥ ರೋಗಿಗಳ ಬಗ್ಗೆ 2009ರಲ್ಲಿ ಬಂದ ಒಂದು ಅಧ್ಯಯನ ನನ್ನ ತಲೆಯಿಂದ ಹೋಗುವುದಿಲ್ಲ. ಅರಿವು ಇಲ್ಲ ಎಂದು ವೈದ್ಯರ ತಂಡ ಒಮ್ಮತದಿಂದ ಹೇಳಿದ್ದವರನ್ನು ಈ ಅಳತೆಯಿಂದ ಮತ್ತೆ ನೋಡಿದಾಗ ಶೇ. 41 ಜನರಲ್ಲಿ ಅರಿವಿನ ಗುರುತು ಸಿಕ್ಕಿತು. ಒಮ್ಮೆ ನೋಡಿ ತೀರ್ಮಾನಿಸಬಾರದು, ಎರಡು ವಾರದೊಳಗೆ ಕನಿಷ್ಠ ಐದು ಸಲ ನೋಡಬೇಕು ಎಂದು ಆಮೇಲೆ ಲೀಜ್‌ನವರೇ ತೋರಿಸಿಕೊಟ್ಟರು. ನಮ್ಮ ಕಡೆ ಒಬ್ಬ ಸಿಸ್ಟರ್ ಎಷ್ಟು ಹಾಸಿಗೆ ನೋಡಬೇಕು ಎನ್ನುವುದು ಗೊತ್ತಿದ್ದವರಿಗೆ ಆ ಐದು ಸಲ ಎಷ್ಟು ದುಬಾರಿ ಎನ್ನುವುದೂ ಗೊತ್ತು.

ಇಲ್ಲಿಯೇ ಮನೆಯವರು ಬೇಕಾಗುವುದು. ಆದರೆ ಮನೆಯವರು ಕಾಣುವುದೆಲ್ಲ ಅರಿವಲ್ಲ, ಇದನ್ನೂ ಹೇಳಲೇಬೇಕು. "ಕೈ ಕೊಟ್ರ ಗಟ್ಟಿ ಹಿಡೀತಾನ್ರಿ, ಬಿಡೂದ ಇಲ್ಲ" ಎಂದು ಸಂತೋಷದಿಂದ ಹೇಳುತ್ತಾರೆ. ಅಂಗೈಗೆ ಬೆರಳು ತಾಕಿದರೆ ಹಸುಗೂಸು ಹೇಗೆ ಹಿಡಿಯುತ್ತದೋ ಅದೇ ಹಿಡಿತ ಮೆದುಳಿಗೆ ಪೆಟ್ಟಾದ ದೊಡ್ಡವರಲ್ಲಿ ಮರಳಿ ಬರುತ್ತದೆ, ಅದಕ್ಕೆ ಅರಿವು ಬೇಕಿಲ್ಲ. ಹಾಗಾಗಿ ಹಿಡಿ ಎಂದು ಕೇಳಬೇಡಿ, ಬಿಡು ಎಂದು ಕೇಳಿ. ಹಿಡಿದ ಕೈಯನ್ನು ಹೇಳಿದಾಗ ಬಿಟ್ಟರೆ ಅದಕ್ಕೆ ಬೆಲೆಯಿದೆ. ಇನ್ನೂ ಒಳ್ಳೆಯದು, ಅಂಗೈ ಮುಟ್ಟದೆ "ಹೆಬ್ಬೆರಳು ಎತ್ತು" ಅನ್ನಿ, "ನಾಲಿಗೆ ಹೊರಗ ತೆಗಿ" ಅನ್ನಿ. ಅಂದು ಸುಮ್ಮನಿರಿ. ಈ ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ. ಪೆಟ್ಟಾದ ಮೆದುಳಿಗೆ ಮಾತು ತಲುಪಿ, ಅರ್ಥವಾಗಿ, ಬೆರಳಿಗೆ ಆಜ್ಞೆ ಹೋಗಲು ಹತ್ತು ಸೆಕೆಂಡೂ ಬೇಕಾಗಬಹುದು. ನಾವು ಎರಡನೇ ಸೆಕೆಂಡಿಗೆ ಮತ್ತೆ ಕೂಗಿರುತ್ತೇವೆ, ಮೂರನೆಯದಕ್ಕೆ ಇನ್ನೊಬ್ಬರು ಭುಜ ಅಲುಗಿಸಿರುತ್ತಾರೆ. ಬಂದ ಉತ್ತರ ಯಾವ ಪ್ರಶ್ನೆಯದು ಎಂದು ಯಾರಿಗೂ ತಿಳಿಯುವುದಿಲ್ಲ.

ಯಾವ ದನಿ, ಯಾವ ಭಾಷೆ ಎನ್ನುವುದೂ ಸಣ್ಣ ವಿಷಯವಲ್ಲ. ಶಿರಹಟ್ಟಿ ಕಡೆಯ ತಾಂಡಾದ ಒಬ್ಬ ಮುದುಕಿಗೆ ಲಕ್ವಾ ಹೊಡೆದು ಅರಿವು ತಪ್ಪಿತ್ತು. ಡಾಕ್ಟರು ಪುಸ್ತಕದ ಕನ್ನಡದಲ್ಲಿ "ಕಣ್ಣು ಮುಚ್ಚಿ, ಕೈ ಮೇಲೆತ್ತಿ" ಅನ್ನುತ್ತಿದ್ದರು, ನಾನೂ ಅದನ್ನೇ ಅನ್ನುತ್ತಿದ್ದೆ. ಮೊಮ್ಮಗಳು ಬಂದು ಕಿವಿಯ ಹತ್ತಿರ ಬಾಗಿ ಲಂಬಾಣಿಯಲ್ಲಿ ಏನೋ ಅಂದಳು. ಮುದುಕಿ ಬಲಗೈಯ ತೋರುಬೆರಳನ್ನು ಹಾಸಿಗೆಯಿಂದ ಒಂದಿಷ್ಟು ಎತ್ತಿ ಇಳಿಸಿದಳು. ಮತ್ತೆ ಕೇಳಿಸಿದೆವು, ಮತ್ತೆ ಎತ್ತಿದಳು. ಉರ್ದು ಮನೆಮಾತಿನವರು, ಮರಾಠಿಯವರು, ಕೊಂಕಣಿಯವರು ತುಂಬಿದ ಹುಬ್ಬಳ್ಳಿಯಂಥ ಊರಿನಲ್ಲಿ ರೋಗಿಯ ಮನೆಮಾತು ಯಾವುದು ಎನ್ನುವುದು ಅಡ್ಮಿಶನ್ ಕಾಗದದಲ್ಲೇ ಬರೆದಿರಬೇಕು ಎಂದು ನನ್ನ ಹಟ. ಮೆದುಳಿನ ಅಲೆಗಳನ್ನು ಅಳೆದವರೂ ಕಂಡದ್ದು ಇದನ್ನೇ. ಬೇರೆ ಹೆಸರುಗಳ ನಡುವೆ ರೋಗಿಯ ಸ್ವಂತ ಹೆಸರು ಬಂದಾಗ, ಅದರಲ್ಲೂ ಪರಿಚಿತ ದನಿಯಲ್ಲಿ ಬಂದಾಗ, ಮಿಕ್ಕ ಶಬ್ದಗಳಿಗೆ ಇಲ್ಲದ ಅಲೆ ಏಳುತ್ತದೆ. ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಯಿರಿ. ಆಧಾರ್ ಕಾರ್ಡಿನಲ್ಲಿ ಮಂಜುನಾಥ ಇದ್ದು ಮನೆಯಲ್ಲಿ ಮಂಜ್ಯಾ ಆಗಿದ್ದರೆ ಮಂಜ್ಯಾ ಎಂದೇ ಕರೆಯಿರಿ.

ಹೊರಗೆ ಯಾವ ಗುರುತೂ ಕಾಣದವರಲ್ಲೂ ಒಳಗೆ ಅರಿವು ಇರಬಹುದು ಎನ್ನುವುದು ಈಗ ಊಹೆಯಲ್ಲ. 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು 23 ವರ್ಷದ ಒಬ್ಬ ಹೆಣ್ಣುಮಗಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವುದಾಗಿ ಕಲ್ಪಿಸಿಕೋ ಎಂದರು. ಅರಿವಿಲ್ಲ ಎಂದು ಡಾಕ್ಟರು ಹೇಳಿದ್ದ ಆಕೆಯ ಮೆದುಳಿನಲ್ಲಿ ಆರೋಗ್ಯವಂತರಲ್ಲಿ ಎಲ್ಲಿ ಬೆಳಗುತ್ತದೋ ಅಲ್ಲಿಯೇ ಬೆಳಗಿತು. ಮನೆಯೊಳಗೆ ಕೋಣೆಯಿಂದ ಕೋಣೆಗೆ ಓಡಾಡುವುದಾಗಿ ಕಲ್ಪಿಸಿಕೋ ಎಂದಾಗ ಬೇರೆ ಜಾಗ ಬೆಳಗಿತು. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಹೊರಗೆ ಯಾವ ಪ್ರತಿಕ್ರಿಯೆಯೂ ತೋರದ 241 ಜನರಲ್ಲಿ 60 ಜನ ಮೆದುಳಿನೊಳಗೆ ಹೇಳಿದ್ದನ್ನು ಮಾಡುತ್ತಿದ್ದರು. ನಾಲ್ಕರಲ್ಲಿ ಒಬ್ಬರು. ನಮ್ಮ ಊರಿನ ವಾರ್ಡುಗಳಲ್ಲಿ ಅಂಥ ಸ್ಕ್ಯಾನ್ ದಿನನಿತ್ಯದ ಮಾತಲ್ಲ. ಆದರೆ ಆ ಲೆಕ್ಕ ತಿಳಿದ ಮೇಲೆ ನಾನು ಯಾರ ಕಾಲನ್ನೂ ಹೇಳದೆ ಎತ್ತುವುದಿಲ್ಲ. "ಅಜ್ಜಾರ, ಕಾಲ ಮಡಚ್ತೀನ್ರಿ, ಸ್ವಲ್ಪ ಜಗ್ಗತೈತಿ" ಎಂದು ಹೇಳಿಯೇ ಮಡಚುತ್ತೇನೆ.

ಹಾಗಾದರೆ ಮುಟ್ಟುವುದು, ಕೇಳಿಸುವುದು ಚಿಕಿತ್ಸೆಯಾಗಿಯೂ ಕೆಲಸ ಮಾಡುತ್ತದೆಯೇ? 2002ರಲ್ಲಿ ಕಾಕ್ರೇನ್ ಸಂಸ್ಥೆ ಅದುವರೆಗಿನ ಅಧ್ಯಯನಗಳನ್ನು ಜಾಲಾಡಿದಾಗ ಲೆಕ್ಕಕ್ಕೆ ಸಿಕ್ಕದ್ದು ಮೂರೇ, 68 ರೋಗಿಗಳು. ನಂಬುವಂಥ ಪುರಾವೆ ಇಲ್ಲ ಎಂದು ಬರೆದರು. ಆಮೇಲೆ ಒಂದಿಷ್ಟು ಆಶೆಯ ಸುದ್ದಿಗಳು ಬಂದಿವೆ. ಅಮೆರಿಕದಲ್ಲಿ ತೆರೆಸಾ ಪೇಪ್ ಅವರ ತಂಡ, ಮನೆಯವರು ಹೇಳಿದ ಹಳೆಯ ನೆನಪುಗಳನ್ನು ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಹತ್ತತ್ತು ನಿಮಿಷ, ಆರು ವಾರ ಕೇಳಿಸಿತು. 2015ರಲ್ಲಿ ಬಂದ ಫಲಿತಾಂಶ ಚೆನ್ನಾಗಿತ್ತು, ಆದರೆ ರೋಗಿಗಳು 15 ಜನ ಮಾತ್ರ. ಚೀನಾದಲ್ಲಿ ಬಲಗೈ ಮಣಿಕಟ್ಟಿನ ನರಕ್ಕೆ ದಿನಾ ಗಂಟೆಗಟ್ಟಲೆ ಸಣ್ಣ ಕರೆಂಟು ಕೊಟ್ಟು ನೋಡಿದ ಪ್ರಯೋಗ ದೊಡ್ಡದು, 300ಕ್ಕೂ ಹೆಚ್ಚು ಜನ. ಕರೆಂಟು ಪಡೆದವರಲ್ಲಿ ಹೆಚ್ಚು ಮಂದಿ ಆರು ತಿಂಗಳಲ್ಲಿ ಪ್ರಜ್ಞೆಗೆ ಬಂದಿದ್ದರು. ಗುಳಿಗೆಗಳ ಪೈಕಿ ಗಟ್ಟಿ ಪುರಾವೆ ಇರುವುದು ಅಮಾಂಟಡಿನ್‌ಗೆ. 2012ರ ಪ್ರಯೋಗದಲ್ಲಿ ಅಪಘಾತವಾಗಿ 4ರಿಂದ 16 ವಾರವಾಗಿದ್ದ 184 ಜನರಿಗೆ ನಾಲ್ಕು ವಾರ ಕೊಟ್ಟು ನೋಡಿದರು. ಕೊಡುವಷ್ಟು ದಿನ ಚೇತರಿಕೆ ಚುರುಕಾಗಿತ್ತು, ನಿಲ್ಲಿಸಿದ ಮೇಲೆ ಆ ವೇಗ ತಗ್ಗಿತು. ಕೊಡಬೇಕೋ ಬೇಡವೋ ನರರೋಗ ವೈದ್ಯರು ಹೇಳಬೇಕು, ಮೆಡಿಕಲ್ ಶಾಪಿನವರಲ್ಲ.

ನನಗೆ ತೀರ ಹಿಡಿಸಿದ್ದು ವಾಸನೆಯ ಅಧ್ಯಯನ. 2020ರಲ್ಲಿ ಇಸ್ರೇಲಿನವರು 43 ರೋಗಿಗಳ ಮೂಗಿಗೆ ಉಸಿರು ಅಳೆಯುವ ನಳಿಕೆ ಇಟ್ಟು ಶಾಂಪೂ ಮತ್ತು ಕೊಳೆತ ಮೀನಿನ ವಾಸನೆ ತೋರಿಸಿದರು. ವಾಸನೆ ಬಂದಾಗ ನಾವು ತಿಳಿಯದೆಯೇ ಉಸಿರೆಳೆಯುವುದನ್ನು ಕಡಿಮೆ ಮಾಡುತ್ತೇವೆ. ಅರಿವಿಲ್ಲ ಎಂದುಕೊಂಡವರಲ್ಲಿ ಹಾಗೆ ಉಸಿರು ಬದಲಾದ ಪ್ರತಿಯೊಬ್ಬರೂ ಮುಂದೆ ಪ್ರಜ್ಞೆಗೆ ಬಂದರು. ಇದೂ ಎಚ್ಚರಿಸುವ ವಿದ್ಯೆಯಲ್ಲ, ಕೇಳಿ ತಿಳಿಯುವ ವಿದ್ಯೆ. ಹೀಗಿರುವಾಗ "ಕೋಮಾ ಪ್ಯಾಕೇಜ್" ಎಂದು ಸಾವಿರಾರು ರೂಪಾಯಿ ಕಟ್ಟಿಸಿಕೊಂಡು ಇಷ್ಟು ದಿನದಲ್ಲಿ ಎಬ್ಬಿಸಿ ಕೊಡುತ್ತೇವೆ ಎನ್ನುವವರನ್ನು ನಂಬಿ ಹೊಲ ಅಡ ಇಡಬೇಡಿ. ಇಟ್ಟವರನ್ನು ನೋಡಿದ್ದೇನೆ, ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಸಂಶಯವೇ ಇಲ್ಲದೆ ಫಲ ಕೊಡುವ ಮುಟ್ಟುವಿಕೆ ಒಂದಿದೆ, ಅದಕ್ಕೆ ಯಾವ ಯಂತ್ರವೂ ಬೇಡ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು. ಹಿಮ್ಮಡಿ, ಟೊಂಕದ ಹಿಂಭಾಗ, ಮಂಡಿಚಿಪ್ಪು ಒತ್ತದಂತೆ ದಿಂಬು ಕೊಡುವುದು. ಪ್ರತಿ ಕೀಲನ್ನೂ ದಿನಾ ಪೂರ್ತಿ ಆಡಿಸುವುದು. ಬಾಯಿ ಒರೆಸುವುದು, ಕಫ ತೆಗೆಯುವುದು. ಡಾಕ್ಟರು ಒಪ್ಪಿದ ಕೂಡಲೇ ಒರಗಿಸಿ ಕೂರಿಸುವುದು, ಟಿಲ್ಟ್ ಟೇಬಲ್ ಇದ್ದರೆ ಪಟ್ಟಿ ಕಟ್ಟಿ ನಿಲ್ಲಿಸುವುದು. ಮಲಗಿದಾಗ ಕಣ್ಣು ತೆರೆಯದವರು ಕೂರಿಸಿದಾಗ ತೆರೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅರಿವು ಬರುವ ಹೊತ್ತಿಗೆ ಪಾದ ಇಳಿಬಿದ್ದು ಬಿಗಿದಿದ್ದರೆ, ಬೆನ್ನಿಗೆ ಎಲುಬು ಕಾಣುವ ಹುಣ್ಣಾಗಿದ್ದರೆ, ಎಚ್ಚರಾದವನಿಗೆ ಎದ್ದು ನಿಲ್ಲಲು ದೇಹವೇ ಉಳಿದಿರುವುದಿಲ್ಲ.

ಇದನ್ನು ನೆನೆದಾಗಲೆಲ್ಲ ನನಗೆ ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸುಗಳು ಕಣ್ಣ ಮುಂದೆ ಬರುತ್ತಾರೆ. ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಹೋಗಿ ಅಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರಿನಲ್ಲಿ ಹಲ್ಲೆಯಾಗಿ ಮೆದುಳಿಗೆ ಆಮ್ಲಜನಕ ನಿಂತಿತು. 2015ರ ಮೇ 18ರಂದು ತೀರಿಕೊಳ್ಳುವ ತನಕ, ಹೆಚ್ಚುಕಡಿಮೆ 42 ವರ್ಷ, ಅದೇ ಆಸ್ಪತ್ರೆಯ ನರ್ಸುಗಳ ಒಂದು ತಲೆಮಾರು ಹೋಗಿ ಇನ್ನೊಂದು ಬಂದು ಅವರನ್ನು ನೋಡಿಕೊಂಡಿತು. ಅಷ್ಟು ವರ್ಷ ಮಲಗಿದ ಮೈಯಲ್ಲಿ ಹಾಸಿಗೆ ಹುಣ್ಣು ಇಲ್ಲದ್ದನ್ನು 2011ರ ದಯಾಮರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹೇಳಿ ಆ ನರ್ಸುಗಳನ್ನು ಹೊಗಳಿತು. ದಯಾಮರಣದ ಚರ್ಚೆಯಲ್ಲಿ ಎಲ್ಲರಿಗೂ ಗೊತ್ತಾದ ಹೆಸರು ಅದು. ನನ್ನ ಕಸುಬಿನವರಿಗೆ ಅದು ಹುಣ್ಣಿಲ್ಲದ ಆ ಬೆನ್ನು.

ಪ್ರಜ್ಞೆ ಮರಳದೇ ಹೋಗುವುದೂ ಇದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೋಮಾದಲ್ಲಿದ್ದರು. ಆ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡದ ಗುಡಿ, ದರ್ಗಾ, ಚರ್ಚುಗಳಲ್ಲಿ ಜನ ಒಂದೇ ಹರಕೆ ಹೊತ್ತರು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ ಒಂದೊಂದೇ ಸೋತಿದ್ದವು. ಕೋಮಾ ಎಂದರೆ ಬರೀ ಮೆದುಳಿನ ಸಮಾಚಾರವಲ್ಲ, ಇಡೀ ದೇಹ ಜೊತೆ ಕೊಡಬೇಕು. ಕಾರಣವೂ ಮುಖ್ಯ. ತಲೆಗೆ ಪೆಟ್ಟಾದವರು ತಿಂಗಳುಗಳ ನಂತರವೂ ಮರಳಬಲ್ಲರು, ಹೃದಯ ನಿಂತು ಮೆದುಳಿಗೆ ಉಸಿರು ಸಿಗದವರಿಗೆ ದಾರಿ ಕಿರಿದು. ಹೀಗಿದ್ದರೂ ಕಣ್ಣು ತೆರೆದೂ ಅರಿವಿಲ್ಲದ ಸ್ಥಿತಿಗೆ ಹಿಂದೆ "ಶಾಶ್ವತ" ಎಂದು ಬರೆಯುತ್ತಿದ್ದ ಜಾಗದಲ್ಲಿ "ದೀರ್ಘಕಾಲದ" ಎಂದು ಬರೆಯಿರಿ ಎಂದು 2018ರ ಅಮೆರಿಕನ್ ನರವೈದ್ಯರ ಮಾರ್ಗಸೂಚಿ ಹೇಳಿತು. ತಡವಾಗಿಯಾದರೂ ಬಂದವರು ಇದ್ದಾರೆ ಎನ್ನುವುದೇ ಕಾರಣ.

ಮನೆಯವರಿಗೆ ನಾನು ಹೇಳುವುದು ಇಷ್ಟು. ಭೇಟಿ ಹೊತ್ತಿನಲ್ಲಿ ಒಬ್ಬರೇ ಮಾತಾಡಿ, ಮೊಬೈಲು, ಟಿವಿ ಬಂದ್ ಮಾಡಿ. ಮೊದಲು ಹೆಗಲು ಮುಟ್ಟಿ, ನೀವು ಯಾರೆಂದು ಹೇಳಿ. ಆಮೇಲೆ ಮನೆಯ ಸುದ್ದಿ: ಆಕಳು ಈಯ್ದಿದ್ದು, ಶೇಂಗಾ ಕಿತ್ತಿದ್ದು, ಗೆಳೆಯ ಫೋನ್ ಮಾಡಿದ್ದು. ಹತ್ತು-ಹದಿನೈದು ನಿಮಿಷವಾದ ಮೇಲೆ ಬಿಡಿ, ಮೆದುಳಿಗೆ ದಣಿವಾಗುತ್ತದೆ. ಉಸಿರು ಏರಿದರೆ, ಬೆವರಿದರೆ, ಮಾನಿಟರಿನಲ್ಲಿ ನಾಡಿ ಓಡಿದರೆ ನಿಲ್ಲಿಸಿ ಸಿಸ್ಟರನ್ನು ಕರೆಯಿರಿ. ಮೊದಲ ದಿನಗಳಲ್ಲಿ ತಲೆಯೊಳಗಿನ ಒತ್ತಡ ಹೆಚ್ಚಿದ್ದರೆ ಮುಟ್ಟಿ ಮಾತಾಡಿಸಬೇಡಿ ಎಂದು ಡಾಕ್ಟರೇ ಹೇಳುತ್ತಾರೆ, ಆಗ ಅವರ ಮಾತು ಕೇಳಿ. ಒಂದು ನೋಟ್‌ಬುಕ್ ಇಡಿ. ಯಾವ ಹೊತ್ತು, ಏನು ಕೇಳಿದಿರಿ, ಏನು ಮಾಡಿದ, ಎಷ್ಟು ತಡವಾಗಿ ಮಾಡಿದ, ಬರೆಯಿರಿ. ಏನೂ ಮಾಡದಿದ್ದರೆ ಅದನ್ನೂ ಬರೆಯಿರಿ. ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದಿದ್ದರೆ ಇನ್ನೂ ಚೆನ್ನ. ಡಾಕ್ಟರು ಬಂದಾಗ ಅತ್ತು ಕೇಳುವುದಕ್ಕಿಂತ ಆ ನೋಟ್‌ಬುಕ್ ತೋರಿಸಿ. ಒಳ್ಳೆಯ ಡಾಕ್ಟರು ಅದನ್ನು ಓದದೆ ಬಿಡುವುದಿಲ್ಲ.

ಎಚ್ಚರಾದ ಮೇಲಿನ ದಿನಗಳಿಗೆ ಹೆಚ್ಚಿನ ಮನೆಯವರು ತಯಾರಿರುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕಣ್ಣು ಬಿಟ್ಟು "ಅವ್ವಾ" ಎಂದು ಎದ್ದು ಕೂರುವುದು ನಾನಂತೂ ಕಂಡಿಲ್ಲ. ಮೊದಲು ಕಣ್ಣು, ಆಮೇಲೆ ನೋಟ, ಆಮೇಲೆ ಬೆರಳು, ಗಂಟಲಿನ ನಳಿಕೆ ತೆಗೆದ ಮೇಲೆ ಒಡಕು ದನಿ. ಅದರ ಬೆನ್ನಿಗೇ ಗೊಂದಲದ ದಿನಗಳು. ರಾತ್ರಿಯಿಡೀ ಕೂಗುತ್ತಾರೆ, ಮೂಗಿನ ನಳಿಕೆ ಕಿತ್ತುಹಾಕುತ್ತಾರೆ, ಎಂದೂ ಕೆಟ್ಟ ಮಾತಾಡದವರು ಹೆತ್ತವರಿಗೇ ಬೈಯುತ್ತಾರೆ, ಐದು ನಿಮಿಷದ ಹಿಂದೆ ಉಂಡದ್ದು ನೆನಪಿರುವುದಿಲ್ಲ. "ಹುಚ್ಚ ಹಿಡೀತೇನ್ರಿ ನಮ್ಮ ಹುಡುಗ್ಗ?" ಎಂದು ಗಾಬರಿಯಾಗುತ್ತಾರೆ. ಹುಚ್ಚಲ್ಲ, ಮೆದುಳು ಹೊಸ ನೆನಪು ಕೂಡಿಡಲು ಇನ್ನೂ ಶುರುಮಾಡಿಲ್ಲ. ಆ ನವಲಗುಂದದ ಹುಡುಗನೂ ಈ ಹಂತ ದಾಟಿಯೇ ಬಂದ. ಈಗ ನಡೆಯುತ್ತಾನೆ, ಎಡಗೈ ಮಾತ್ರ ಇನ್ನೂ ಪೂರ್ತಿ ತೆರೆಯುವುದಿಲ್ಲ, ಆಸ್ಪತ್ರೆಯ ಒಂದು ದಿನವೂ ಅವನ ನೆನಪಿನಲ್ಲಿಲ್ಲ. ಇಂಥ ದಿನಗಳಲ್ಲಿ "ನಾ ಯಾರ್ ಹೇಳು ನೋಡೂಣ" ಎಂದು ಬಂದವರೆಲ್ಲ ಪರೀಕ್ಷೆ ಮಾಡಬೇಡಿ. ಹಾಸಿಗೆಯೆದುರು ಗಡಿಯಾರ, ಕ್ಯಾಲೆಂಡರ್ ತೂಗುಹಾಕಿ, ನೀವಾಗಿಯೇ ಹೇಳಿ: "ನಾ ನಿಮ್ಮ ಕಾಕಾ, ಇದು ಹುಬ್ಬಳ್ಳಿ ದವಾಖಾನಿ, ಇವತ್ತ ಸೋಮವಾರ, ಬೈಕ್ ಮ್ಯಾಲಿಂದ ಬಿದ್ದಿದ್ದಿ, ಈಗ ಆರಾಮ ಆಗಾಕತ್ತೀದಿ." ಸಿಟ್ಟು, ನಿದ್ದೆಗೇಡು ಮನೆಗೆ ಹೋದ ಮೇಲೂ ವಾರಗಟ್ಟಲೆ ಇಳಿಯದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತೋರಿಸಿ. ಹೋಗುವಾಗ ಆ ನೋಟ್‌ಬುಕ್ಕನ್ನೂ ಡಿಸ್ಚಾರ್ಜ್ ಕಾಗದದ ಜೊತೆ ಒಯ್ಯಿರಿ.